ಅದಲು ಬದಲಾದ ಎರಡು ಸಾಲು

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ನಾಲ್ಕೈದು ವರ್ಷ ಕಳೆದಿತ್ತು. ನಾನು ಆಗ ನೆಲ್ಯಹುದಿಕೇರಿಯಿಂದಾಚೆ ಒಂದು ಕಾಫಿ ಎಸ್ಟೇಟಿನ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದೆ. ಇಪ್ಪತ್ತೊಂದು ವಯಸ್ಸು. ಆ ಆಫೀಸಿನಲ್ಲಿ ಕುರ್ಚಿಯ ಮೇಲೆ ಕೂರುವ ಹೆಂಗಸು ನಾನೊಬ್ಬಳೇ. ಕೆಲಸ ಕೊಡಿಸಿದವರು ಅಲ್ಲಿನ ಹೆಡ್ ರೈಟರ್, ಅಂದರೆ ಹಿರಿಯ ಗುಮಾಸ್ತರು. ನಮ್ಮ ಕಕ್ಕಬೆ ಕಡೆಯವರೇ, ಮನೆಯಲ್ಲಿ ನಮ್ಮಂತೆಯೇ ಅರೆಭಾಷೆ ಆಡುವವರು. ಕೀಲಿಗಳನ್ನು ನೋಡದೆ ಟೈಪ್ ಮಾಡುವುದನ್ನು, ಕಡತಕ್ಕೆ ನಂಬರು ಕೊಡುವುದನ್ನು, ದೊರೆಗಳು ಸಿಟ್ಟಿನಲ್ಲಿದ್ದಾಗ ಎಷ್ಟು ದೂರ ನಿಲ್ಲಬೇಕೆಂಬುದನ್ನು ಅವರೇ ಕಲಿಸಿದ್ದು. ಅಪ್ಪ ನನ್ನನ್ನು ಧೈರ್ಯವಾಗಿ ಅಲ್ಲಿಗೆ ಕಳಿಸಿದ್ದೂ ಅವರನ್ನು ನಂಬಿಯೇ.

ಆ ವರ್ಷ ಬಿಳಿಯ ದೊರೆ ಎಸ್ಟೇಟನ್ನು ಮಾರಿ ಹೊರಟುಹೋದರು. ಕೊಂಡವರು ಘಟ್ಟದ ಕೆಳಗಿನವರು. ಅವರಿಂದ ಬಂದ ಮೊದಲ ಅಪ್ಪಣೆಯೇ ಹಳೆಯ ಕಾಗದಪತ್ರದ ಬಗ್ಗೆ: ಬೇಕಾದದ್ದನ್ನು ಪೆಟ್ಟಿಗೆಗೆ ತುಂಬಿ ತಮ್ಮ ಆಫೀಸಿಗೆ ಕಳಿಸಬೇಕು, ಉಳಿದದ್ದನ್ನು ಸುಡಬೇಕು. ಎರಡು ಕೋಣೆ, ಹನ್ನೊಂದು ಬೀರು, ಪ್ರತಿ ಬೀರುವಿನಲ್ಲಿ ನಾಲ್ಕು ಹಲಗೆ, ಹಲಗೆಯ ತುಂಬ ದಾರ ಕಟ್ಟಿದ ಕಟ್ಟುಗಳು. ಗೆದ್ದಲು ಹಿಡಿದದ್ದೂ ಇತ್ತು, ಇಲಿ ಮರಿ ಹಾಕಿದ್ದೂ ಇತ್ತು.

"ಒಂದೊಂದೇ ಬಿಚ್ಚಿ ಓದ್ತಾ ಕೂತರೆ ವರ್ಷ ಬೇಕು. ಒಂದು ಪಟ್ಟಿ ಮಾಡು. ನಂಗಿಂತ ಚೆನ್ನಾಗಿ ನಿಂಗೆ ಗೊತ್ತುಟ್ಟು," ಎಂದರು ಹೆಡ್ ರೈಟರ್.

ಆ ಮಾತಿಗೆ ನಾನು ಎಷ್ಟು ಉಬ್ಬಿದೆನೆಂದರೆ, ಹದಿನೈದು ದಿನ ಊಟದ ಹೊತ್ತಿನಲ್ಲೂ ಪೆನ್ಸಿಲ್ ಕೆಳಗಿಡಲಿಲ್ಲ. ಪ್ರತಿಯೊಂದು ಕಟ್ಟಿಗೂ ಒಂದು ವಿಳಾಸ ಕೊಟ್ಟೆ: ಮೊದಲು ಕೋಣೆ, ಆಮೇಲೆ ಬೀರು, ಹಲಗೆ, ಕಟ್ಟು, ನಡುನಡುವೆ ಓರೆಗೆರೆ. ಬೀರುವಿನಲ್ಲಿರುವುದೆಲ್ಲ ಎನ್ನಬೇಕಾದರೆ ನಂಬರಿನ ಮುಂದೆ ಒಂದು ನಕ್ಷತ್ರ. ಸಾಲಿನ ಆರಂಭದಲ್ಲಿ ಕೂಡುವ ಚಿಹ್ನೆ ಇದ್ದರೆ ಪೆಟ್ಟಿಗೆಗೆ, ಕಳೆಯುವ ಚಿಹ್ನೆ ಇದ್ದರೆ ಬೆಂಕಿಗೆ. ಕಟ್ಟು ಹೊರುವ ಇಬ್ಬರಿಗೂ ಅಂಕಿ ಬಿಟ್ಟರೆ ಬೇರೇನೂ ಓದಲು ಬರುತ್ತಿರಲಿಲ್ಲ, ಅದಕ್ಕೇ ಹಾಗೆ. ಅವರು ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಹಿಡಿದುಕೊಂಡು, ಸೀಮೆಸುಣ್ಣದಲ್ಲಿ ಕಟ್ಟಿನ ಮೇಲೆ ಗುರುತು ಹಾಕುತ್ತ ಹೋಗಬೇಕು. ಕೆಳಗಿನ ಸಾಲು ಬೇರೆ ಹೇಳಿದರೆ ಹಳೆಯ ಗುರುತನ್ನು ಒರೆಸಿ ಹೊಸದು ಹಾಕಬೇಕು. ಕೊನೆಗೆ ಹೇಳಿದ್ದೇ ನಿಲ್ಲುತ್ತದೆ. ಈಗ ಕಂಪ್ಯೂಟರಿನಲ್ಲಿ ಕಡತಗಳನ್ನು ಆರಿಸಲು ಇಂಥದೇ ನಿಯಮ ಬರೆಯುತ್ತಾರೆಂದು ಯಾರೋ ಹೇಳಿದಾಗ ನನಗೆ ನಗು ಬರಲಿಲ್ಲ.

ಐದನೆಯ ಬೀರು ಪೂರ್ತಿ ಕಸ. ಗೊಬ್ಬರದ ಕಂಪನಿಗಳ ಜಾಹೀರಾತು, ಹಳೆಯ ಮಳೆ ಲೆಕ್ಕ, ದೊರೆಸಾನಿಯ ಗುಲಾಬಿ ಗಿಡಗಳ ಪತ್ರವ್ಯವಹಾರ. ಆದರೆ ಎರಡನೆಯ ಹಲಗೆಯ ಏಳನೆಯ ಕಟ್ಟಿನಲ್ಲಿ ಲೈನ್ ಪುಸ್ತಕವಿತ್ತು. ಕೂಲಿಯವರು ಇರುವ ಉದ್ದನೆಯ ಲೈನ್ ಮನೆಗಳಲ್ಲಿ ಯಾವ ಕುಟುಂಬ ಯಾವ ವರ್ಷದಿಂದ ಇದೆ, ಯಾರು ಯಾವಾಗ ಕೆಲಸಕ್ಕೆ ಸೇರಿದರು, ಎಲ್ಲ ಅದರಲ್ಲಿತ್ತು. ಹೊಸ ಮಾಲೀಕರು ಹಳಬರನ್ನೆಲ್ಲ ಹೊಸಬರೆಂದು ತೋರಿಸಿ ಬಿಡಿಸುತ್ತಾರೆಂಬ ಗುಸುಗುಸು ಆಗಲೇ ಹಬ್ಬಿತ್ತು. ಹಾಗಾಗಿ ಮೂವತ್ತೊಂದನೆಯ ಸಾಲಿನಲ್ಲಿ ಐದನೆಯ ಬೀರುವಿಗೆಲ್ಲ ಕಳೆಯುವ ಚಿಹ್ನೆ ಹಾಕಿ, ಮೂವತ್ತೆರಡರಲ್ಲಿ ಆ ಒಂದು ಕಟ್ಟಿಗೆ ಕೂಡುವ ಚಿಹ್ನೆ ಬರೆದೆ.

ಮೂರನೆಯ ಲೈನಿನಲ್ಲಿ ಮಲಯಾಳದ ಹೆಂಗಸೊಬ್ಬಳಿದ್ದಳು. ಪಿಕಿಂಗಿನಲ್ಲಿ, ಕಾಫಿ ಹಣ್ಣು ಕೊಯ್ಯುವುದರಲ್ಲಿ, ಅವಳ ಕೈಗೆ ಸಾಟಿಯಿರಲಿಲ್ಲ. ಮಧ್ಯಾಹ್ನ ಆಫೀಸಿನ ಕಿಟಕಿಗೆ ಬಂದು ಮೋಳೆ, ಅಂದರೆ ಮಗಳೇ, ಎಂದು ಕರೆದು ನನ್ನ ಹತ್ತಿರ ಕಷ್ಟಸುಖ ಹೇಳಿಕೊಳ್ಳುತ್ತಿದ್ದಳು. ಒಂದು ದಿನ ಕೇಳಿದಳು:

"ನಮ್ಮ ಲೈನಿನ ಪುಸ್ತಕ ಉಂಟಲ್ಲ ಮೋಳೆ, ಅದನ್ನು ಸುಡ್ತಾರಾ?"

"ಇಲ್ಲ. ಅದನ್ನು ಉಳಿಸೋ ಪಟ್ಟಿಗೆ ನಾನೇ ಸೇರಿಸಿದ್ದೇನೆ."

"ನೀನು ಹೇಳಿದರೆ ಸಾಕು," ಎಂದು ಹೋದಳು. ಅವಳು ಹೋಗಿ ಉಳಿದವರಿಗೂ ಹೇಳಿದಳು.

ಪೆನ್ಸಿಲ್ ಪ್ರತಿಯನ್ನು ಹೆಡ್ ರೈಟರ್ ತೆಗೆದುಕೊಂಡು, "ಕಣ್ಣು ಕೆಂಪಾಗುಟ್ಟು ನಿಂಗೆ, ಬಿಡು," ಎಂದು ತಾವೇ ಟೈಪ್ ಮಾಡಿದರು. ಸಂಜೆ ನಾಲ್ಕು ಹಾಳೆ ನನ್ನ ಮುಂದಿಟ್ಟರು. "ಓದಿ ನೋಡು. ಒಂದಕ್ಷರನೂ ಬದಲು ಇಲ್ಲೆ. ಪಟ್ಟಿ ನಿಂದು, ಸೈನೂ ನಿಂದೇ ಇರ್ಲಿ."

ನಾನು ಓದಿದೆ. ಒಂದಕ್ಷರವೂ ಬದಲಾಗಿರಲಿಲ್ಲ, ಒಂದಂಕಿಯೂ. ನನ್ನ ಕೈಬರಹ ಅಚ್ಚಾಗಿ ಬಂದದ್ದನ್ನು ನೋಡುವ ಸಂತೋಷದಲ್ಲೇ ಸಹಿ ಹಾಕಿದೆ.

"ಹುತ್ತರಿಗೆ ಊರಿಗೆ ಹೋಗಿ ಬಾ. ಇಲ್ಲಿ ನಾ ಒಳೆ," ಎಂದು, ನೋಡಿಕೊಳ್ಳಲು ತಾವಿರುವುದಾಗಿ ಹೇಳಿದರು. ನಾನು ಕೇಳದೆಯೇ ನಾಲ್ಕು ದಿನ ರಜೆ! ಅಪ್ಪನಿಗೆ ಕೊಡಲೆಂದು ಒಂದು ಕಟ್ಟು ವೀಳ್ಯದೆಲೆಯನ್ನೂ ಕೊಟ್ಟು ಕಳಿಸಿದರು.

ಹಬ್ಬ ಮುಗಿಸಿ ಬಂದಾಗ ಆಫೀಸಿನ ಹಿಂದೆ ಬೂದಿಯ ಗುಡ್ಡೆ ಇತ್ತು, ಪೆಟ್ಟಿಗೆಗಳು ಲಾರಿ ಹತ್ತಿ ಹೋಗಿದ್ದವು. ಕಟ್ಟು ಹೊತ್ತವರಲ್ಲಿ ಒಬ್ಬನನ್ನು ಸುಮ್ಮನೆ ಕೇಳಿದೆ, ಐದನೆಯ ಬೀರುವಿನ ಆ ಒಂದು ಕಟ್ಟು ಸಿಕ್ಕಿತಾ ಎಂದು.

"ಸಿಕ್ತು ಅಮ್ಮ. ಮೊದಲು ಕೂಡುವ ಗುರುತು ಹಾಕಿದ್ದೆ. ಅದರ ಕೆಳಗಿನ ಸಾಲಲ್ಲಿ ಬೀರು ಪೂರ್ತಿ ಕಳೆಯೋದಿತ್ತು. ನೀವು ಹೇಳಿದ ಹಾಗೇ ಒರೆಸಿ ಕಳೆಯೋ ಗುರುತು ಹಾಕಿ ಸುಟ್ಟೆ."

ಓಡಿಹೋಗಿ ಹಾಳೆ ತೆಗೆದು ನೋಡಿದೆ. ನನ್ನ ಮೂವತ್ತೆರಡು ಮೂವತ್ತೊಂದಾಗಿತ್ತು, ಮೂವತ್ತೊಂದು ಅದರ ಕೆಳಗೆ ಇಳಿದಿತ್ತು. ಅಷ್ಟೇ. ಕೆಳಗೆ ನನ್ನ ಸಹಿ, ದುಂಡಗೆ, ಬಾಲದಲ್ಲಿ ಒಂದು ಸುರುಳಿಯ ಸಮೇತ.

ಹೆಡ್ ರೈಟರ್ ತಲೆಯೆತ್ತದೆ ಹೇಳಿದರು: "ಟೈಪ್ ಮಾಡೋವಾಗ ಹಿಂದುಮುಂದಾಗಿರ್ಬೋದು. ನೀ ಓದಿ ತಾನೆ ಸೈನ್ ಹಾಕಿದ್ದು?"

"ಬೇರೆ ಒಂದೂ ಸಾಲು ಹಿಂದುಮುಂದಾಗಿಲ್ಲ. ಅದೊಂದೇ ಯಾಕೆ ಆಯ್ತು?"

ಅವರು ಲೇಖನಿ ಕೆಳಗಿಟ್ಟರು. ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ಬರೆಯತೊಡಗಿದರು. ತಪ್ಪಾಯಿತು ಎಂದಿದ್ದರೆ ನಾನು ನಂಬುತ್ತಿದ್ದೆನೋ ಏನೋ. ಆ ಕನ್ನಡಕ ಒರೆಸುವುದರಲ್ಲೇ ನನಗೆ ಎಲ್ಲ ತಿಳಿಯಿತು. ಹದಿನೈದು ದಿನ ಅವರು ನನ್ನ ಜಾಣತನವನ್ನು ಹೊಗಳಿದ್ದು ಏತಕ್ಕೆಂಬುದೂ.

ಹೊಸ ವರ್ಷಕ್ಕೆ ಹದಿನೇಳು ಕುಟುಂಬಗಳಿಗೆ ನೋಟೀಸು ಬಂತು: ನೀವು ಹಂಗಾಮಿ ಕೆಲಸದವರು, ಪಿಕಿಂಗ್ ಮುಗಿದ ಮೇಲೆ ಲೈನ್ ಖಾಲಿ ಮಾಡಬೇಕು. ಅವರು ದೂರು ಕೊಟ್ಟರು. ವಿಚಾರಣೆಗೆ ಒಬ್ಬ ಅಧಿಕಾರಿ ಜೀಪಿನಲ್ಲಿ ಬಂದರು. ಯಾರೂ ಕರೆಯದಿದ್ದರೂ ನಾನು ಎದ್ದು ನಿಂತು, ಪುಸ್ತಕ ಇದ್ದದ್ದು ನಿಜ, ನಾನೇ ಕಣ್ಣಾರೆ ಕಂಡಿದ್ದೇನೆ ಎಂದೆ. ಹೆಡ್ ರೈಟರ್ ಅವರ ಡ್ರಾಯರಿನಿಂದ ಬೆಳಿಗ್ಗೆಯೇ ತೆಗೆದಿಟ್ಟುಕೊಂಡಿದ್ದ ನನ್ನ ಪೆನ್ಸಿಲ್ ಪ್ರತಿಯನ್ನು ಮೇಜಿನ ಮೇಲಿಟ್ಟೆ.

"ಪೆನ್ಸಿಲಲ್ಲಿ ಯಾವಾಗ ಬೇಕಾದರೂ ಬರೀಬಹುದು," ಎಂದರು ಹೆಡ್ ರೈಟರ್, ಅರೆಭಾಷೆ ಬಿಟ್ಟು ಎಲ್ಲರಿಗೂ ಅರ್ಥವಾಗುವ ಕನ್ನಡದಲ್ಲಿ.

ಅಧಿಕಾರಿ ಟೈಪಾದ ಹಾಳೆಯನ್ನು ತೋರಿಸಿ, "ಈ ಸಹಿ ನಿಮ್ಮದೇ?" ಎಂದು ಕೇಳಿದರು.

"ನನ್ನದೇ."

"ಓದಿ ಹಾಕಿದ್ದಾ?"

"ಹೌದು."

ಅವರು ಅದನ್ನು ಬರೆದುಕೊಂಡರು. ಆದರೂ ಪುಸ್ತಕ ಇತ್ತೆಂಬ ನನ್ನ ಮಾತನ್ನೂ ಬರೆದುಕೊಂಡರು, ಬೇರೆ ಕಾಗದ ತಂದವರದನ್ನು ನೋಡುತ್ತೇನೆ ಎಂದರು. ಆಸ್ಪತ್ರೆಯ ಚೀಟಿ, ಸಿಡುಬಿಗೆ ದೇವಿ ಹಾಕಿಸಿದ ಕಾಗದ, ಚರ್ಚಿನ ಜ್ಞಾನಸ್ನಾನದ ಪತ್ರ ಹುಡುಕಿ ತಂದ ಹನ್ನೊಂದು ಮನೆಯವರು ಉಳಿದರು. ಆರು ಮನೆಯವರ ಬಳಿ ಏನೂ ಇರಲಿಲ್ಲ. ಮಲಯಾಳದ ಹೆಂಗಸು ಆ ಆರರಲ್ಲಿ ಒಬ್ಬಳು.

ಬಾಳೆಲೆ ಊರಿನ ಕಡೆಯ ಒಂದು ತೋಟಕ್ಕೆ ಹೊರಟ ಬೆಳಿಗ್ಗೆ ಅವಳು ಪಾತ್ರೆಗಳನ್ನು ಗೋಣಿಗೆ ತುಂಬುತ್ತಿದ್ದಳು. ನಾನು ಹೋಗಿ ನಡೆದದ್ದೆಲ್ಲ ಹೇಳಿದೆ. ಸಾಲು ಅದಲು ಬದಲಾದದ್ದು, ನನಗೆ ಮೋಸವಾದದ್ದು. ಅವಳು ಕೈ ನಿಲ್ಲಿಸದೆ ಕೇಳಿದಳು:

"ಅವನು ನಿನಗೆ ಮೋಸ ಮಾಡಿದ, ಸರಿ. ಪುಸ್ತಕ ಸುಡೋದಿಲ್ಲ ಅಂತ ನನಗೆ ಹೇಳಿದ್ದು ಯಾರು ಮೋಳೆ?"

ನಾನು ಅವಳ ಎದುರು ಕೂತೆ. ಗೋಣಿಯ ಬಾಯಿ ಹಿಡಿದುಕೊಂಡೆ, ಅವಳು ಹಗ್ಗ ಬಿಗಿದಳು.

ಆ ತಿಂಗಳೇ ಕೆಲಸ ಬಿಟ್ಟೆ. ದೊರೆ ಬಿಟ್ಟುಹೋದ ಬಂಗಲೆಯನ್ನು ಹೊಸ ಮಾಲೀಕರು ಹೆಡ್ ರೈಟರ್ ಅವರಿಗೆ ಕೊಟ್ಟರು, ಅವರು ಅಲ್ಲಿಗೆ ಹೋಗಿ ಸೇರಿದರು. ಎಷ್ಟೋ ವರ್ಷದ ಮೇಲೆ, ನನ್ನ ತಮ್ಮನ ಮದುವೆಗೆ ಬಂದಿದ್ದರು. ಅಪ್ಪನ ಪಕ್ಕ ಕೂತು, ನೆಂಟರಿಗೆಲ್ಲ ನನ್ನನ್ನು ತೋರಿಸಿ, "ನಾನೇ ಕೆಲಸ ಕಲ್ಸಿದ ಹುಡುಗಿ," ಎಂದು ಹೇಳುತ್ತಿದ್ದರು. ನಾನು ಅವರ ಎಲೆಗೆ ಬಡಿಸಬೇಕಾಗಿದ್ದ ಪಾತ್ರೆಯನ್ನು ಅಲ್ಲೇ ಕೆಳಗಿಟ್ಟು ಒಳಗೆ ಹೋದೆ. ಹಿರಿಯರಿಗೆ ಹಾಗೆ ಮಾಡುವುದಾ ಎಂದು ಅಪ್ಪ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ನಾನೂ ಕಾರಣ ಹೇಳಲಿಲ್ಲ; ಹೇಳಿದರೆ ಆ ಸಹಿಯ ಬಗ್ಗೆಯೂ ಹೇಳಬೇಕಿತ್ತು.