ಗುಳ್ಳೆ ಉಂಟು

ಅವರ ಬಲಗೈ ಹೆಬ್ಬೆರಳಿನಲ್ಲಿ ಗೆರೆಗಳೇ ಇರಲಿಲ್ಲ. ನೆಲ್ಯಾಡಿಯಲ್ಲಿ ಇಪ್ಪತ್ತು ವರ್ಷ ರಬ್ಬರ್ ಹಾಲಿಗೆ ಆ್ಯಸಿಡ್ ಬೆರೆಸಿ ಶೀಟು ಮಾಡಿದ ಬೆರಳು. ಸವೆದು ಹುಣಸೆಬೀಜದಂತೆ ನುಣುಪಾಗಿ, ಅಡ್ಡಕ್ಕೆ ರಬ್ಬರ್ ಮರ ಗೀರುವ ಟ್ಯಾಪಿಂಗ್ ಕತ್ತಿಯ ಗಾಯದ ಗುರುತೊಂದೇ ಉಳಿದಿತ್ತು. ವಿಶ್ವವಿದ್ಯಾಲಯದ ಹಾಜರಿ ಯಂತ್ರಕ್ಕೆ ಆ ಬೆರಳಿನ ಗುರುತು ಕೊನೆಯವರೆಗೂ ಸಿಗಲಿಲ್ಲ. "ನಾನು ಬಂದದ್ದು ನನಗೆ ಗೊತ್ತುಂಟಲ್ಲ ಸಾರ್," ಎಂದು ನಗುತ್ತಾ ಒಳಗೆ ಹೋಗುತ್ತಿದ್ದರು. ಅವರ ಹಾಜರಿಯ ಚಿಂತೆಯನ್ನೂ ನಾನೇ ಮಾಡುತ್ತಿದ್ದೆ.

ಅವರನ್ನು ನಾವೆಲ್ಲ ಮಲಯಾಳದಲ್ಲಿ ಅಣ್ಣನನ್ನು ಕರೆಯುವ ಹಾಗೆ ಚೇಟ ಎನ್ನುತ್ತಿದ್ದೆವು. ಪುತ್ತೂರಿನ ಹೊರಗಿದ್ದ ವಿಶ್ವವಿದ್ಯಾಲಯದ ನಮ್ಮ ಸಂಶೋಧನಾ ಕೇಂದ್ರದಲ್ಲಿ ತಯಾರಾಗುತ್ತಿದ್ದದ್ದು ಒಂದು ತೊಟ್ಟು ರಕ್ತದಿಂದ ಕಾಯಿಲೆ ಹುಡುಕುವ ಚಿಪ್. ಅಂಚೆಚೀಟಿಯಷ್ಟು ಅಗಲ, ಒಳಗೆ ಕೂದಲಿಗಿಂತ ಸಪೂರದ ಕಾಲುವೆಗಳು. ಸಿಲಿಕೋನ್ ರಸವನ್ನು ಅಚ್ಚಿಗೆ ಹೊಯ್ದು ಒಲೆಯಲ್ಲಿ ಬಿಸಿ ಮಾಡಿ ಶೀಟಾಗಿ ತೆಗೆಯಬೇಕು. ಒಂದು ಗಾಳಿಗುಳ್ಳೆ ಉಳಿದರೂ ರಕ್ತ ಅಲ್ಲೇ ನಿಂತುಬಿಡುತ್ತದೆ. ಪರದೇಶದಲ್ಲಿ ಕಲಿತು ಬಂದ ನಾನು ಮಾಡಿದ್ದರಲ್ಲೆಲ್ಲ ಗುಳ್ಳೆ. ನೆಲ ಒರೆಸಲು ಬಂದಿದ್ದ ಚೇಟ ಒಂದನ್ನು ಕಿಟಕಿಯ ಬೆಳಕಿಗೆ ಹಿಡಿದು, "ಗುಳ್ಳೆ ಉಂಟು," ಎಂದರು. "ನೀವು ಹಾಲಿಗೆ ಅವಸರ ಮಾಡುದು. ನೊರೆ ತಾನಾಗಿ ಮೇಲೆ ಬರ್ಬೇಕು ಸಾರ್."

ಆಮೇಲೆ ಹೊಯ್ಯುವ ಕೆಲಸವೆಲ್ಲ ಅವರದು. ಪ್ರಬಂಧಗಳಲ್ಲಿ ಹೆಸರು ನನ್ನದು.

ಗಟ್ಟಿಯಾಯಿತೋ ಎಂದು ನೋಡಲು ರಬ್ಬರ್ ಶೀಟಿನವರ ಹಾಗೆ ಅಂಚನ್ನು ಬರಿಬೆರಳಿನಲ್ಲಿ ಒತ್ತುತ್ತಿದ್ದರು. "ಗ್ಲೌಸ್ ಹಾಕಿ ಮಾರಾಯ್ರೆ!" ಎಂದು ನಾನು ಹಾರಾಡಿದರೆ, "ಗ್ಲೌಸಿಗೆ ಎಂತ ಗೊತ್ತಾಗ್ತದೆ?" ಎನ್ನುತ್ತಿದ್ದರು.

ಕಳೆದ ವರ್ಷ ಪರಿಶೀಲನಾ ಸಮಿತಿ ಬರುವುದಿತ್ತು. ಆಗಲೇ ಚೇಟನಿಗೆ ಕೆಮ್ಮು ಶುರುವಾದದ್ದು. ಚಿಪ್ ಹೊಯ್ಯುವ ಕೋಣೆಗೆ ಧೂಳಿನ ಕಣವೂ ಬರಕೂಡದು. "ಕೆಮ್ಮುದಾದ್ರೆ ಹೊರಗೆ ಹೋಗಿ ಚೇಟ," ಎಂದೆ. ಹೋದರು. ಪ್ರತಿ ಸಲವೂ ಗೌನು ಕಳಚಿ, ಹೊರಗೆ ಗೋಡೆ ಹಿಡಿದು ಕೆಮ್ಮಿ, ಬೇರೆ ಗೌನು ತೊಟ್ಟು ಬರುತ್ತಿದ್ದರು. ಗೌನು ಮುಗಿದರೇನು ಗತಿ ಎಂದು ನಾನು ಚಿಂತೆ ಮಾಡಿದೆ. ನನಗೆ ನೆಗಡಿಯಾದರೆ ಮಂಗಳೂರಿನ ಮೂವರು ಡಾಕ್ಟರರನ್ನು ಕಾಣುವವನು ನಾನು. ಎರಡು ತಿಂಗಳಾದರೂ ಆ ಕೆಮ್ಮು ಎಂತದ್ದೆಂದು ಕೇಳಲಿಲ್ಲ.

ಸಮಿತಿಯವರು ಚಿಪ್ ಹೊಗಳಿ ಹೋದರು. ಮರುವಾರವೇ ಚೇಟ ಆಸ್ಪತ್ರೆ ಸೇರಿದರು. ನಾನು ಹೋದಾಗ ತಮ್ಮ ಎದೆಯ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದಿದ್ದರು.

"ಗುಳ್ಳೆ ಉಂಟು ಸಾರ್."

ಎರಡು ತಿಂಗಳು ಮೊದಲೇ ತರಬೇಕಿತ್ತು ಎಂದರು ಡಾಕ್ಟರು. ಕ್ಷಮೆ ಕೇಳಲು ಬಾಯಿ ತೆರೆದೆ. ಚೇಟನೇ ತಡೆದು, "ಒಲೆಯಲ್ಲಿ ಒಂದು ಶೀಟು ಬಾಕಿ ಉಂಟು, ತೆಗೀರಿ," ಎಂದರು. ಒಂಬತ್ತನೇ ದಿನ ತೀರಿಕೊಂಡರು.

ಆ ಶೀಟು ನನ್ನ ಮೇಜಿನಲ್ಲಿದೆ. ಈ ಸಿಲಿಕೋನ್ ಗಟ್ಟಿಯಾಗುವಾಗ ಎಷ್ಟು ಸಣ್ಣ ಗೆರೆಯಾದರೂ ಬಿಡದೆ ಹಿಡಿದುಕೊಳ್ಳುತ್ತದೆ. ಅಂಚಿನಲ್ಲಿ ಹೆಬ್ಬೆರಳಗಲದ ನುಣುಪು ಕುಳಿ, ಅಡ್ಡಕ್ಕೆ ಕತ್ತಿಯ ಗುರುತು. ದಿನಾ ಬೆಳಕಿಗೆ ಹಿಡಿದು ಹುಡುಕುತ್ತೇನೆ. ಒಂದು ಗುಳ್ಳೆಯೂ ಇಲ್ಲ.