ಜೋಳದ ಸಾಲಿನಲ್ಲಿ ಗೋಧಿ

ನಮ್ಮೂರು ಸಿರಸಂಗಿಯಿಂದ ಸ್ವಲ್ಪ ಆಚೆ, ಗುಡ್ಡದ ಬುಡಕ್ಕಿದೆ. ಗುಡ್ಡದ ಮೇಲೆ ಕರೆಂಟು ತಯಾರಿಸುವ ಗಾಳಿಯಂತ್ರಗಳು ತಿರುಗುತ್ತವೆ. ಊರವರು ಅವನ್ನು ಫ್ಯಾನು ಎನ್ನುತ್ತಾರೆ. ಕೆಳಗೆ ಹಿಟ್ಟಿನ ಗಿರಣಿಗೆ ತ್ರೀಫೇಸ್ ಕರೆಂಟು ಬರುವುದು ಮಾತ್ರ ದಿನಕ್ಕೆ ಕೆಲವೇ ತಾಸು, ಅದೂ ಹೇಳಿದ ಹೊತ್ತಿಗಲ್ಲ. ಹೆಂಗಸರು ಬೆಳಿಗ್ಗೆಯೇ ಡಬ್ಬಿಗಳನ್ನು ಸಾಲಾಗಿ ಇಟ್ಟುಹೋಗಿ, ಮೋಟರಿನ ಸದ್ದು ಕೇಳಿದ ಕೂಡಲೇ ಓಡಿಬರುತ್ತಾರೆ. ಮೊದಲು ಎಲ್ಲರ ಜೋಳ, ಆಮೇಲೆ ಗೋಧಿ. ಬೀಸುವ ಕಲ್ಲು ಒಂದೇ. ನಡುವೆ ಗೋಧಿ ಹಾಕಿದರೆ ಮುಂದಿನವರ ಜೋಳದ ಹಿಟ್ಟಿಗೆ ಬೆರೆಯುತ್ತದೆ.

ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು. ಬೈಲಹೊಂಗಲದ ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಅದು ಬಿಟ್ಟಿ ಸಿಕ್ಕದ್ದಲ್ಲ. ಹೋದ ಬೇಸಿಗೆ ಒಂದು ರವಿವಾರ ಊರಿಗೆ ಹೋದಾಗ ಅವ್ವ ಹೊಲದ ಗೋಧಿ ಹಸನು ಮಾಡಿಟ್ಟಿದ್ದಳು. ಬೀಸಿಸಿಕೊಂಡು ಸಂಜೆಯ ಬಸ್ಸಿಗೆ ಹೊರಡಬೇಕಿತ್ತು.

ಅವ್ವನ ಜೊತೆ ಗಿರಣಿಗೆ ಹೋದೆ. ಗಿರಣಿಯವನು ನನ್ನನ್ನು ನೋಡಿದ್ದೇ, "ಮೇಡಮ್ಮಾರ, ನಿಮಗ ಬಸ್ ಐತಿ. ನಿಮ್ದ ಮೊದಲ ಹಾಕಿಬಿಡ್ತೇನಿ" ಎಂದ.

ಆಗ ಪಾಳಿ ಇದ್ದದ್ದು ಹಿಂದಿನ ಓಣಿಯ ಕಾಕುವಿನದು. ಸಂಬಂಧಿಯಲ್ಲ, ಚಿಕ್ಕಮ್ಮ ಎನ್ನುವಂತೆ ನಾವೆಲ್ಲ ಹಾಗೆ ಕರೆಯುತ್ತೇವೆ. ಸವದತ್ತಿಯ ಒಂದು ಖಾನಾವಳಿಗೆ ಜೋಳದ ರೊಟ್ಟಿ ಬಡಿದುಕೊಟ್ಟೇ ಅವಳ ಸಂಸಾರ ನಡೆಯುವುದು.

"ಜ್ವಾಳದ ನಡಕ ಗೋದಿ ಹಾಕ್ತಿಯೇನಪಾ?" ಎಂದಳು ಕಾಕು.

"ಆಮ್ಯಾಲ ಹಿಡಿ ಜ್ವಾಳ ಹಾಕಿ ಕಲ್ಲು ಹಸನ ಮಾಡ್ತೇನಿ ಬಿಡ್ರಿ."

"ಹಾಕಲಿ ಬಿಡ ಯಕ್ಕಾ, ನಾಳೆ ಕಾಲೇಜ್ ಐತಿ ಆಕೀದು" ಎಂದಳು ಅವ್ವ, ಎಲ್ಲರಿಗೂ ಕೇಳುವಂತೆ. ನಾನು ಬೇಡ ಎನ್ನಲಿಲ್ಲ. ನಿಜ ಹೇಳಬೇಕೆಂದರೆ, ಹಿತವಾಗಿತ್ತು.

ಕಾಕು ಕಟ್ಟೆಯ ಮೇಲೆ ಕುಳಿತು ಗುಡ್ಡದ ಕಡೆ ಕೈ ತೋರಿಸಿದಳು. "ಅಷ್ಟು ಫ್ಯಾನ್ ತಿರಗಾಕ ಹತ್ಯಾವು. ಯಾರಿಗೆ ಸೆಕಿ ಆಗೇತವ್ವಾ?"

ನಾನು ಪಾಠ ಶುರುಮಾಡಿದೆ: ಆ ಕರೆಂಟು ದೊಡ್ಡ ಲೈನಿನಲ್ಲಿ ದೂರದ ಸ್ಟೇಶನ್ನಿಗೆ ಹೋಗುತ್ತದೆ, ಅಲ್ಲಿಂದ ಎಲ್ಲ ಕಡೆಗೂ ಹಂಚುತ್ತಾರೆ.

"ಹಂಗಾರ ಊರೆಲ್ಲ ತಿರಗಿ ನಮ್ಮ ಬಾಗಲಿಗೆ ಬರೂದ್ರಾಗ ನಾವು ಮುದಕ್ಯಾರ ಆಗ್ತೀವಿ ತಗೋ."

ಎಲ್ಲರೂ ನಕ್ಕರು, ನಾನೂ ನಕ್ಕೆ.

ನನ್ನ ಹಿಟ್ಟು ಚೀಲಕ್ಕೆ ಬಿತ್ತು. ಕಾಕು ಡಬ್ಬಿ ಎತ್ತಿ ಜೋಳ ಸುರಿಯುವಷ್ಟರಲ್ಲಿ ಮೋಟರಿನ ಪಟ್ಟಾ ನಿಧಾನವಾಗಿ ನಿಂತಿತು. ತಲೆಯ ಮೇಲಿನ ಬಲ್ಬು ಉರಿಯುತ್ತಲೇ ಇತ್ತು. ಅದಕ್ಕೆ ಒಂದು ಫೇಸ್ ಸಾಕು, ಮೋಟರಿಗೆ ಮೂರೂ ಬೇಕು.

"ಹೋತು. ಇನ್ನ ನಾಳೆನ" ಎಂದ ಗಿರಣಿಯವನು.

"ಮುಂಜಾನಿ ಬಸ್ಸಿಗೆ ರೊಟ್ಟಿ ಹೋಗಬೇಕೋ. ಹೋಗಲಿಲ್ಲಂದ್ರ ಖಾನಾವಳಿಯವರು ಬ್ಯಾರೇದವರ ಕಡೆ ತಗೋತಾರ."

ಎಲ್ಲರೂ ನನ್ನ ಚೀಲ ನೋಡಿದರು. "ಕಾಕು, ನನ್ನ ಹಿಟ್ಟು ತಗೊಳ್ರಿ" ಎಂದೆ.

"ಗೋದಿ ಹಿಟ್ಟಿನಾಗ ಜ್ವಾಳದ ರೊಟ್ಟಿ ಬಡೀಲೇನ ತಂಗಿ?" ಎಂದು ಮೆಲ್ಲಗೆ ಕೇಳಿದಳು. ಬೈದಿದ್ದರೆ ಚೆನ್ನಾಗಿತ್ತು.

ಮನೆಗೆ ಬಂದು ಚೀಲ ಕಟ್ಟುತ್ತಿದ್ದಾಗ ಕಾಕುವೇ ಬೋಗುಣಿ ಹಿಡಿದು ಬಾಗಿಲಿಗೆ ಬಂದಳು, ಜೋಳದ ಹಿಟ್ಟು ಕಡ ಕೇಳಲು. ಅವ್ವ ಡಬ್ಬಿಯ ತಳ ಕೆರೆದು ಹಾಕಿದಳು, ನನ್ನ ಮುಖ ನೋಡಲಿಲ್ಲ. ಬೋಗುಣಿ ಅರ್ಧವೂ ತುಂಬಲಿಲ್ಲ.

ಬಸ್ಸು ಬಹಳ ಹೊತ್ತು ಬರಲಿಲ್ಲ. ಪಾಳಿಯಂತೆ ಹಾಕಿದ್ದರೆ ಕಾಕುವಿನ ಜೋಳವಾದರೂ ಕರೆಂಟು ಹೋಗುವ ಮೊದಲೇ ಬೀಸಿ ಮುಗಿಯುತ್ತಿತ್ತು. ಸ್ಟ್ಯಾಂಡಿನಿಂದ ಓಣಿ ಕಾಣುತ್ತದೆ. ಕಾಕು ಒಂದು ಮನೆಯಿಂದ ಹೊರಬಂದು ಇನ್ನೊಂದರ ಬಾಗಿಲಲ್ಲಿ ನಿಂತಳು. ನಾನು ಚೀಲವನ್ನು ಕಾಲಿನಿಂದ ಬೆಂಚಿನ ಕೆಳಗೆ ಸರಿಸಿದೆ. ಹಿಟ್ಟು ಇನ್ನೂ ಬೆಚ್ಚಗಿತ್ತು.