ಪಕ್ಕದ ಚೂರು

ಆಸ್ಪತ್ರೆಯ ಲ್ಯಾಬಿನಲ್ಲಿ ಅವಳನ್ನು ಎಲ್ಲರೂ ಮೇಣದಕ್ಕ ಎನ್ನುತ್ತಾರೆ. ರೋಗಿಗಳ ಮೈಯಿಂದ ತೆಗೆದ ಗಡ್ಡೆಯ ತುಣುಕನ್ನು ಮೇಣದಲ್ಲಿ ಹುದುಗಿಸಿ, ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಕೊಯ್ದು, ಬೆಚ್ಚಗಿನ ನೀರಿನಲ್ಲಿ ತೇಲಿಸಿ ಗಾಜಿನ ಪಟ್ಟಿಗೆ ಹತ್ತಿಸುವುದು ಅವಳ ಕೆಲಸ. ಕೊಯ್ಯುವಾಗ ಉಸಿರು ಬಿಗಿಹಿಡಿಯುತ್ತಾಳೆ. ಉಸಿರಿಗೇ ಹಾರಿಹೋಗುವ ಚೂರುಗಳವು.

ಮನೆಯಲ್ಲಿ ಅವಳು ಹಿರಿಸೊಸೆ. ಅತ್ತೆಯ ಬಾಯಲ್ಲಿ ಮಾತ್ರ ಸದಾ ಕಿರಿಸೊಸೆಯದೇ ಜಪ. ಕಿರಿಯವಳು ನಕ್ಕರೆ ಮನೆಯೇ ನಗುತ್ತದೆ. ಹಿರಿಯವಳು ಕೆಲಸ ಮುಗಿಸಿ ಬಂದರೆ ಬಾಗಿಲು ಕಿರುಗುಟ್ಟುತ್ತದೆ, ಅಷ್ಟೆ.

ಕಿರಿಯವಳ ಎದೆಯಲ್ಲಿ ಗಡ್ಡೆ ಕಂಡಿತು. ಬೇಗ ಬೆಳೆಯುತ್ತಿದೆ ಎಂದರು ಡಾಕ್ಟರು. ಅತ್ತೆ ಅವಳ ಮಂಚ ಬಿಟ್ಟು ಏಳದಾದರು. ಕಾಲು ಒತ್ತಿದರು, ತಲೆ ಬಾಚಿದರು. ಬಾಗಿಲಲ್ಲಿ ನಿಂತ ಮೇಣದಕ್ಕನಿಗೆ ಒಳಗೆ ಚುರ್ರೆಂದಿತು. ಕಾಯಿಲೆಯವಳ ಮೇಲೂ ಹೊಟ್ಟೆಕಿಚ್ಚೇ ಎಂದು ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಕಿಚ್ಚು ಆರಲಿಲ್ಲ.

ಗಡ್ಡೆಯ ತುಣುಕು ಮೇಣದಕ್ಕನ ಮೇಜಿಗೇ ಬಂತು. ಮೈಯೆಲ್ಲ ಹಬ್ಬುವ ಗಡ್ಡೆಗಳಲ್ಲಿ ಹೆಚ್ಚಾಗಿ ಕಾಣುವ ಒಂದು ಪ್ರೋಟೀನ್ ಅದರಲ್ಲಿದೆಯೇ ಎಂದು ನೋಡಬೇಕಿತ್ತು. ಬಣ್ಣ ಹಾಕಿದಾಗ ಚೂರು ತಿಳಿನೀಲಿಯಾಗಿಯೇ ಉಳಿದರೆ ಪ್ರೋಟೀನ್ ಇಲ್ಲ, ಕಂದಾದರೆ ಇದೆಯೆಂದು ಅರ್ಥ. ಆಗ ಜೋರಾದ ಔಷಧಿ ಕೂಡಲೇ ಶುರುವಾಗಬೇಕು. ಇದಕ್ಕೊಂದು ಪದ್ಧತಿಯಿದೆ. ಅದೇ ಗಾಜಿನ ಮೇಲೆ, ರೋಗಿಯ ಚೂರಿನ ಪಕ್ಕ, ಖಂಡಿತ ಕಂದಾಗುವ ಇನ್ನೊಂದು ಚೂರನ್ನು ಇಡುತ್ತಾರೆ. ಅದು ಕಂದಾದರೆ ಮಾತ್ರ ಪರೀಕ್ಷೆಯನ್ನು ನಂಬಬಹುದು.

ಸಂಜೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು. ಕಿರಿಯವಳ ಚೂರು ತಿಳಿನೀಲಿ; ಎಲ್ಲೂ ಕಂದಾಗಿಲ್ಲ. ಡಾಕ್ಟರು ನೋಡುವ ಮುಂಚೆಯೇ ಬ್ಯಾಗು ಹೆಗಲಿಗೇರಿಸಿದಳು. ಸುದ್ದಿ ತನ್ನ ಬಾಯಿಂದಲೇ ಹೋಗಬೇಕು. ಒಂದು ಸಲವಾದರೂ ಅತ್ತೆ ಈ ಕಡೆ ತಿರುಗಬೇಕು.

"ಹಬ್ಬೋ ಜಾತಿದಲ್ಲ ಅತ್ತೆ. ನಾನೇ ನೋಡಿದೆ."

ಅತ್ತೆಯ ಕಣ್ಣು ತುಂಬಿತು. ಕಿರಿಯವಳನ್ನು ತಬ್ಬಿಕೊಂಡು, "ನನ್ನ ಚಿನ್ನಕ್ಕೆ ಏನೂ ಆಗಲ್ಲ ಅಂತ ನಂಗೆ ಗೊತ್ತಿತ್ತು" ಎಂದರು. ಆಮೇಲೆ ಹಿರಿಯವಳ ಕಡೆ ತಿರುಗಿದರು. "ಹಾಗೇ ಹಾಲು ನೋಡಮ್ಮ, ಒಲೆ ಮೇಲಿದೆ."

ಬೆಳಿಗ್ಗೆ ಲ್ಯಾಬಿನ ಡಾಕ್ಟರಮ್ಮ ಗಾಜನ್ನು ಮುಂದಿಟ್ಟರು. "ಪಕ್ಕದ ಚೂರು ನೋಡಿದ್ಯಾ?"

ನೋಡಿರಲಿಲ್ಲ. ಅದೂ ತಿಳಿನೀಲಿಯಾಗಿಯೇ ಇತ್ತು. ಕಂದು ಬಣ್ಣ ತರುವ ದ್ರವವೇ ಕೆಟ್ಟಿತ್ತು.

"ಮನೇಲಿ ಹೇಳಿಲ್ಲ ತಾನೆ?"

"ಹೇಳ್ಬಿಟ್ಟೆ ಮೇಡಂ."

"ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸ್ದೆ. ಹೋಗು, ಮತ್ತೆ ಕೊಯ್ಯಿ."

ಹೊಸ ದ್ರವ ತೆಗೆದಳು. ಈ ಸಲ ಮೊದಲು ಪಕ್ಕದ ಚೂರು ನೋಡಿದಳು: ಕಂದು. ಆಮೇಲೆ ಕಿರಿಯವಳದು. ಅದೂ ಕಂದೇ.

ಮನೆಗೆ ಬಂದಾಗ ಕಿರಿಯವಳು ಒಬ್ಬಳೇ ಮಲಗಿದ್ದಳು.

"ನಿನ್ನೆ ತಪ್ಪು ಹೇಳ್ದೆ ಕಣೇ. ಪರೀಕ್ಷೆನೇ ಸರಿ ಆಗಿರ್ಲಿಲ್ಲ, ನಾನು ಓಡಿ ಬಂದುಬಿಟ್ಟೆ. ಹಬ್ಬೋ ಲಕ್ಷಣ ಇದೆ. ನಾಳೆಯಿಂದಾನೇ ದೊಡ್ಡ ಔಷಧಿ."

ಕಿರಿಯವಳು ಗೋಡೆಯ ಕಡೆ ಹೊರಳಿದಳು. ಜಡೆಯನ್ನು ಮುಂದಕ್ಕೆಳೆದುಕೊಂಡು ಕೇಳಿದಳು: "ಕೂದಲು ಹೋಗತ್ತಾ ಅಕ್ಕ?"

"ಹೋಗತ್ತೆ."

"ನಾಳೆ ನೀನೇ ಬಾ ಜೊತೆಗೆ. ಅತ್ತೆ ಬೇಡ. ಅವರು ಅಳ್ತಾರೆ, ನಾನು ಸಮಾಧಾನ ಮಾಡ್ತಾ ಕೂರಬೇಕು. ನೀನಾದ್ರೆ ಇದ್ದಿದ್ದು ಇದ್ದ ಹಾಗೆ ಹೇಳ್ತೀಯ."

ಅತ್ತೆ ಬಾಗಿಲಲ್ಲಿ ನಿಂತಿದ್ದರು. ಯಾವಾಗ ಬಂದರೋ. "ನಾನ್ಯಾಕೆ ಬೇಡ? ಅವಳೇ ಯಾಕೆ?" ಎಂದರು. ತುಟಿ ಬಿಗಿದಿತ್ತು, ಹುಬ್ಬು ಕೂಡಿತ್ತು. ಆ ಮುಖ ಮೇಣದಕ್ಕನಿಗೆ ಚೆನ್ನಾಗಿ ಗುರುತಿತ್ತು: ಇದೇ ಬಾಗಿಲಲ್ಲಿ ತಾನು ಹೊತ್ತು ನಿಂತದ್ದು.

ಅವಳು ಮಂಚದ ಅಂಚಿನಲ್ಲಿ ಕೂತು ಕಿರಿಯವಳ ಪಾದವನ್ನು ತೊಡೆಯ ಮೇಲಿಟ್ಟುಕೊಂಡಳು.

"ಹಾಲು ನೋಡ್ತೀರಾ ಅತ್ತೆ" ಎಂದಳು, ಮೆಲ್ಲಗೆ. "ಒಲೆ ಮೇಲಿದೆ."